ಮಾದರಿ ಸಂಖ್ಯೆ ಇಲ್ಲದ ಯಂತ್ರಕ್ಕೆ ಬಿಡಿಭಾಗ: ಬೆಂಗಳೂರು ಪೇಟೆಯಲ್ಲಿ ಮೂರು ಶನಿವಾರ

1991ರಲ್ಲಿ ನಮ್ಮ ತಾಯಿಯವರು ಕೊಂಡಿದ್ದ ವ್ಯಾಕ್ಯೂಮ್ ಕ್ಲೀನರ್ ಈ ವರ್ಷ ಯುಗಾದಿಯ ಹಿಂದಿನ ವಾರ, ಹಾಸಿಗೆಗಳ ಧೂಳು ತೆಗೆಯುತ್ತಿದ್ದಾಗ, ಕೂದಲು ಸುಟ್ಟಂಥ ವಾಸನೆ ಬೀರತೊಡಗಿತು. ಕೋಣೆಯ ದೀಪ ಆರಿಸಿ ಗಾಳಿ ಹೊರಬೀಳುವ ಸೀಳುಗಳಲ್ಲಿ ಇಣುಕಿದಾಗ ಒಳಗೆ ನೀಲಿ ಕಿಡಿಗಳ ಬಳೆಯೊಂದು ಸುತ್ತುತ್ತಿತ್ತು. ಅದಕ್ಕೂ ಮೊದಲೇ ಹೋಸ್ ಪೈಪು ಹಿಡಿಕೆಯ ಬುಡದಲ್ಲಿ ಸೀಳಿತ್ತು, ಧೂಳಿನ ಚೀಲಗಳು ಮುಗಿದು ವರ್ಷಗಳಾಗಿದ್ದವು, ಮುಚ್ಚಳದ ರಬ್ಬರು ಗಟ್ಟಿಯಾಗಿ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಇಷ್ಟನ್ನೂ ಸರಿಪಡಿಸಲು ಬೇಕಾದ ಬಿಡಿಭಾಗಗಳಿಗಾಗಿ ಬೆಂಗಳೂರು ಪೇಟೆಯ ಎಸ್.ಪಿ. ರಸ್ತೆ, ಎಸ್.ಜೆ.ಪಿ. ರಸ್ತೆ, ಜೆ.ಸಿ. ರಸ್ತೆಗಳಲ್ಲಿ ಮೂರು ಶನಿವಾರ ಅಲೆದೆ. ಅಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ, ಸಿಕ್ಕಿದ್ದು ಎಷ್ಟರಮಟ್ಟಿಗೆ ಸರಿಯಾಗಿ ಕುಳಿತಿತು ಎಂಬುದೇ ಈ ವಿಮರ್ಶೆಯ ವಿಷಯ. ಹಳೆಯ ಯಂತ್ರದ ಬಿಡಿಭಾಗವನ್ನು ಯಂತ್ರದ ಹೆಸರು ಹೇಳಿ ಕೇಳಿದರೆ ಈ ಪೇಟೆಯಲ್ಲಿ ಯಾರೂ ಕೊಡಲಾರರು, ಮಿಲಿಮೀಟರಿನಲ್ಲಿ ಕೇಳಿದರೆ ಬಹುಪಾಲು ಎಲ್ಲವೂ ಸಿಗುತ್ತದೆ. ಇದು ನನಗೆ ತಿಳಿದದ್ದು ಮೊದಲ ಶನಿವಾರ ಪೂರ್ತಿ ವ್ಯರ್ಥವಾದ ಮೇಲೆ.

ಯಂತ್ರದ ಹಿನ್ನೆಲೆ ಸ್ವಲ್ಪ ಹೇಳಬೇಕು. ನಮ್ಮ ಮಧ್ಯಮವರ್ಗದ ಮನೆಗಳಿಗೆ ವ್ಯಾಕ್ಯೂಮ್ ಕ್ಲೀನರ್ ಬಂದದ್ದು ಅಂಗಡಿಯಿಂದಲ್ಲ, ಮನೆಬಾಗಿಲಿಗೆ ಬರುತ್ತಿದ್ದ ಮಾರಾಟಗಾರರಿಂದ. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಸಹಯೋಗದಲ್ಲಿ 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ಆ ಬಗೆಯ ಮಾರಾಟವನ್ನು ನಗರಗಳಲ್ಲಿ ರೂಢಿಗೆ ತಂದಿತು. ಟೈ ಕಟ್ಟಿಕೊಂಡು, ಬಿಸಿಲಲ್ಲಿ ಬೆವರುತ್ತ, ಭಾರದ ಪೆಟ್ಟಿಗೆ ಹೊತ್ತು ಬರುತ್ತಿದ್ದ ಹುಡುಗರು ಪೈಪಿನ ಬಾಯಿಗೆ ಬಟ್ಟೆಯ ತುಣುಕು ಕಟ್ಟಿ, ಆಗಷ್ಟೇ ಕೊಡವಿಟ್ಟ ಹಾಸಿಗೆಯ ಮೇಲೆ ಎರಡು ನಿಮಿಷ ಎಳೆದು, ಬಟ್ಟೆಗೆ ಮೆತ್ತಿದ ಧೂಳನ್ನು ಮನೆಯೊಡತಿಯ ಮುಂದೆ ಹಿಡಿಯುತ್ತಿದ್ದರು. ಆ ಅವಮಾನಕ್ಕೆ ಉತ್ತರವಾಗಿ ಚೆಕ್ಕು ಬರೆಯದ ಗೃಹಿಣಿಯರು ನಮ್ಮ ಬೀದಿಯಲ್ಲಿ ಕಡಿಮೆ. ನಮ್ಮ ಯಂತ್ರವೂ ಆ ಕಾಲದ, ಆ ಬಗೆಯದೇ. ಯಾವ ಕಂಪನಿಯದೆಂದು ಬರೆದರೆ ಓದುವವರಿಗೆ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಬಿಡಿಭಾಗ ಹುಡುಕಲು ಬೇಕಾದದ್ದು ಮಾದರಿ ಸಂಖ್ಯೆ, ಮತ್ತು ಅದು ನಮ್ಮಲ್ಲಿ ಉಳಿದಿಲ್ಲ. ಪ್ರತಿವರ್ಷ ಆಯುಧಪೂಜೆಗೆ ಹೊಲಿಗೆ ಯಂತ್ರ, ಸ್ಕೂಟರು, ಮಿಕ್ಸಿಗಳ ಸಾಲಿನಲ್ಲಿ ಇದನ್ನೂ ಕೂರಿಸಿ ಅರಿಶಿನ ಕುಂಕುಮ ಹಚ್ಚುತ್ತಿದ್ದರು, ಮರುದಿನ ಒದ್ದೆ ಬಟ್ಟೆಯಲ್ಲಿ ಉಜ್ಜುತ್ತಿದ್ದರು. ಮೂವತ್ತು ಚಿಲ್ಲರೆ ಆಯುಧಪೂಜೆಗಳ ಉಜ್ಜಾಟದಲ್ಲಿ ಹೆಸರಿನ ಪಟ್ಟಿಯ ಮೇಲೆ ಉಳಿದಿರುವುದು 230 ವೋಲ್ಟ್, 800 ವ್ಯಾಟ್ ಎಂಬ ಎರಡು ಅಂಕಿಗಳು ಮಾತ್ರ.

ಹೊಸದನ್ನೇ ಕೊಳ್ಳಬಹುದಿತ್ತಲ್ಲ ಎಂದು ಮನೆಯಲ್ಲಿಯೂ ಕೇಳಿದರು. ನಾನು ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಕ್ಕ ನೋಡಿದವಳು, ಆದ್ದರಿಂದ ಲೆಕ್ಕದಲ್ಲೇ ಉತ್ತರ ಕೊಟ್ಟೆ. ವಾರಕ್ಕೊಮ್ಮೆ ಅರ್ಧ ಗಂಟೆಯಂತೆ ವರ್ಷಕ್ಕೆ 26 ಗಂಟೆ, 34 ವರ್ಷಕ್ಕೆ ಸುಮಾರು 880 ಗಂಟೆ ಈ ಮೋಟಾರು ಓಡಿದೆ. ಐರೋಪ್ಯ ಒಕ್ಕೂಟವು 2013ರಲ್ಲಿ ಹೊರಡಿಸಿದ ನಿಯಮದ ಪ್ರಕಾರ 2017ರ ಸೆಪ್ಟೆಂಬರಿನಿಂದ ಅಲ್ಲಿ ಮಾರುವ ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಕನಿಷ್ಠ 500 ಗಂಟೆ ಬಾಳಬೇಕು, ಹೋಸ್ ಪೈಪು 40,000 ಬಾರಿ ಬಾಗಿದರೂ ಬಳಸಲು ಬರುವಂತಿರಬೇಕು. ನಮ್ಮದು ಆ ಗೆರೆಯನ್ನು ಎಂದೋ ದಾಟಿದೆ. ಅದೇ ನಿಯಮ ಯಂತ್ರದ ವಿದ್ಯುತ್ ಬಳಕೆಯನ್ನು 900 ವ್ಯಾಟಿಗಿಂತ ಕೆಳಗೆ ತಂದದ್ದನ್ನೂ ನೆನಪಿಡಬೇಕು. 800 ವ್ಯಾಟ್ ಎಂದ ಕೂಡಲೇ ಮುಖ ಕಿರಿದು ಮಾಡಿ 1,800 ವ್ಯಾಟಿನ ಹೊಸ ಪೆಟ್ಟಿಗೆ ತೋರಿಸುವ ಮಾರಾಟಗಾರರು, ವ್ಯಾಟ್ ಎಂಬುದು ಯಂತ್ರ ತಿನ್ನುವ ವಿದ್ಯುತ್ತಿನ ಅಳತೆಯೇ ಹೊರತು ಎಳೆಯುವ ಧೂಳಿನದಲ್ಲ ಎಂಬುದನ್ನು ಹೇಳುವುದಿಲ್ಲ.

ಮೊದಲ ಶನಿವಾರದ ಕಥೆ ಚಿಕ್ಕದು. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ಎಸ್.ಪಿ. ರಸ್ತೆಗೆ ನಡೆದುಹೋಗಿ, ಒಂದರ ನಂತರ ಒಂದರಂತೆ ಹತ್ತು ಹನ್ನೆರಡು ಅಂಗಡಿಗಳಲ್ಲಿ "ಹಳೆಯ ವ್ಯಾಕ್ಯೂಮ್ ಕ್ಲೀನರಿಗೆ ಕಾರ್ಬನ್ ಬ್ರಷ್ ಬೇಕಿತ್ತು" ಎಂದೆ. ಮೋಟಾರಿನ ತಿರುಗುವ ಭಾಗಕ್ಕೆ ಒತ್ತಿಕೊಂಡು ವಿದ್ಯುತ್ ಮುಟ್ಟಿಸುವ, ಉಜ್ಜಿ ಉಜ್ಜಿ ಸವೆಯುವ ಇಂಗಾಲದ ಪುಟ್ಟ ತುಂಡೇ ಈ ಬ್ರಷ್. ಎಲ್ಲರೂ ಕೇಳಿದ್ದು ಒಂದೇ: "ಮಾಡೆಲ್ ನಂಬರ್ ಹೇಳಿ ಮೇಡಂ." ಇಲ್ಲವೆಂದಾಗ ಕೆಲವರು ತಲೆಯಾಡಿಸಿದರು, ಕೆಲವರು ಕೈತೋರಿ ಮುಂದಿನ ಅಂಗಡಿಗೆ ಕಳಿಸಿದರು. ಒಬ್ಬರು ಮಾತ್ರ ಕಾರಿನ ಸ್ಟಾರ್ಟರ್ ಮೋಟಾರಿನ ಬ್ರಷ್ ತೋರಿಸಿ, ಉಜ್ಜಿ ಹಾಕಿದರೆ ಆಗುತ್ತದೆ ಎಂದು ಧೈರ್ಯ ಹೇಳಿದರು. ನಾನು ಕೊಂಡೂಬಿಟ್ಟೆ. ಅದು ತಪ್ಪು ಎಂಬುದು ಮುಂದಿನ ವಾರ ತಿಳಿಯಿತು. ಕಾರಿನ ಸ್ಟಾರ್ಟರ್ ಹನ್ನೆರಡು ವೋಲ್ಟಿನಲ್ಲಿ ಭಾರೀ ಪ್ರಮಾಣದ ವಿದ್ಯುತ್ ಹರಿಸುವಂಥದ್ದಾದ್ದರಿಂದ ಅದರ ಬ್ರಷ್ಷಿನಲ್ಲಿ ತಾಮ್ರದ ಪುಡಿ ಹೆಚ್ಚಾಗಿ ಬೆರೆತಿರುತ್ತದೆ. 230 ವೋಲ್ಟಿನಲ್ಲಿ, ಅದಕ್ಕಿಂತ ಹಲವು ಪಟ್ಟು ವೇಗವಾಗಿ ತಿರುಗುವ ಮನೆಬಳಕೆಯ ಮೋಟಾರಿಗೆ ಬೇಕಾದದ್ದು ಇಂಗಾಲ ಮತ್ತು ಗ್ರಾಫೈಟಿನ ಬ್ರಷ್. ಕೆಂಪಾಗಿ ಹೊಳೆಯುವುದು ಒಂದು ಜಾತಿ, ಬೂದುಗಪ್ಪಾಗಿರುವುದು ಇನ್ನೊಂದು ಜಾತಿ. ಬಣ್ಣ ನೋಡಿಯೇ ಬೇಡವೆನ್ನಬಹುದಾಗಿದ್ದ ವಸ್ತುವಿಗೆ ತೊಂಬತ್ತು ರೂಪಾಯಿ ತೆತ್ತಿದ್ದಕ್ಕೆ ನನ್ನ ಅಜ್ಞಾನವೂ ಅರ್ಧ ಕಾರಣ.

ಎರಡನೆಯ ವಾರ ಪಕ್ಕದ ಮನೆಯ ಇಂಜಿನಿಯರಿಂಗ್ ವಿದ್ಯಾರ್ಥಿಯಿಂದ ವರ್ನಿಯರ್ ಕ್ಯಾಲಿಪರ್ ಎರವಲು ಪಡೆದು, ಯಂತ್ರವನ್ನು ಬಿಚ್ಚಿಸಿ, ಸವೆದ ಬ್ರಷ್‌ಗಳನ್ನೂ ಮೋಟಾರನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆ. ಈ ಬಾರಿ ನಾನು ಯಂತ್ರದ ಹೆಸರನ್ನೇ ಎತ್ತಲಿಲ್ಲ. "6.3 ದಪ್ಪ, 11 ಅಗಲ, ಉದ್ದ 30ಕ್ಕೆ ಕಡಿಮೆ ಇಲ್ಲದ್ದು, ಹಿಂದೆ ಸ್ಪ್ರಿಂಗ್ ಇರುವುದು" ಎಂದೆ. ಎರಡನೆಯ ಅಂಗಡಿಯಲ್ಲೇ ಡಬ್ಬಿ ತೆರೆದರು. ದಪ್ಪ, ಅಗಲ, ಉದ್ದ ಎಂಬ ಈ ಕ್ರಮದಲ್ಲಿ ಹೇಳುವುದು ಒಳ್ಳೆಯದು, ಏಕೆಂದರೆ ಮೊದಲ ಎರಡು ಅಳತೆಗಳು ಬ್ರಷ್ ಕೂರುವ ಹಿತ್ತಾಳೆಯ ಗೂಡಿಗೆ ಹೊಂದಬೇಕು, ಉದ್ದ ಮಾತ್ರ ಸವೆತಕ್ಕೆ ಬಿಟ್ಟ ಲೆಕ್ಕ. ನಮ್ಮ ಹಳೆಯ ಬ್ರಷ್‌ಗಳಲ್ಲಿ ಉಳಿದಿದ್ದದ್ದು ಎಂಟು ಮಿಲಿಮೀಟರು. ಅಷ್ಟಾದ ಮೇಲೆ ಸ್ಪ್ರಿಂಗಿನ ಒತ್ತಡ ಸಾಲದೆ ಬ್ರಷ್ ಕುಣಿಯುತ್ತದೆ, ಕುಣಿದಾಗ ಕಿಡಿ ಹಾರುತ್ತದೆ. ಕತ್ತಲೆಯಲ್ಲಿ ನಾನು ಕಂಡ ನೀಲಿ ಬಳೆ ಅದೇ.

ಬ್ರಷ್ ಕೊಂಡವಳನ್ನು ಅಂಗಡಿಯವರು ತಾವಾಗಿಯೇ, ಇದನ್ನು ಹಾಗೇ ಹಾಕಬೇಡಿ ಎಂದು ಎಸ್.ಜೆ.ಪಿ. ರಸ್ತೆಯ ಅಡ್ಡ ಓಣಿಯೊಂದರಲ್ಲಿ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿಗೆ ಕಳಿಸಿದರು. ಈ ವಿಮರ್ಶೆಯಲ್ಲಿ ನಾನು ಮನಃಪೂರ್ವಕ ಹೊಗಳುವ ಸ್ಥಳ ಇದೊಂದೇ. ಹೆಸರು ಬರೆಯಲೇ ಎಂದು ಕೇಳಿದಾಗ ಅಲ್ಲಿಯ ಸಾಹೇಬರು, "ಇರುವ ಕೆಲಸವೇ ತೀರುತ್ತಿಲ್ಲ ಅಮ್ಮಾ, ಬೇಡ" ಎಂದರು. ಅವರ ಮಾತಿಗೆ ಬೆಲೆ ಕೊಟ್ಟು ಬಿಟ್ಟಿದ್ದೇನೆ. ಅಂಗಡಿ ಎಂದರೆ ಎಂಟಡಿ ಅಗಲದ ಗೂಡು. ಒಂದು ಗೋಡೆಗೆ ತಾಮ್ರದ ತಂತಿಯ ಉರುಳೆಗಳು, ಇನ್ನೊಂದಕ್ಕೆ ಬಿಚ್ಚಿಟ್ಟ, ಮೋಟಾರಿನೊಳಗೆ ತಿರುಗುವ ಭಾಗವಾದ ಆರ್ಮೇಚರ್‌ಗಳು, ನೆಲದಲ್ಲಿ ಬೋರ್‌ವೆಲ್ ಮೋಟಾರುಗಳು, ಗಾಳಿಯಲ್ಲಿ ವಾರ್ನಿಷ್ ವಾಸನೆ. ಕೂರಲು ಜಾಗವಿಲ್ಲ. ಹೇಳಿದ ಹೊತ್ತಿಗೆ ಕೆಲಸ ಆಗುವುದಿಲ್ಲ. ಬಿಲ್ಲು ಕೇಳಿದರೆ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದುಕೊಡುತ್ತಾರೆ. ಇಷ್ಟು ದೂರುಗಳನ್ನು ಹೇಳಿಯೂ ಆ ಅಂಗಡಿಯ ಕೆಲಸವನ್ನು ನಾನು ಮೆಚ್ಚುವುದಕ್ಕೆ ಕಾರಣ, ಅಲ್ಲಿ ಪ್ರತಿಯೊಂದನ್ನೂ ನೋಡಿದ ಮೇಲೆಯೇ ಮಾತನಾಡಿದರು.

ಅವರು ಮೊದಲು ಮಾಡಿದ್ದು ಸೀರೀಸ್ ಬಲ್ಬಿನ ಪರೀಕ್ಷೆ. 200 ವ್ಯಾಟಿನ ಹಳೆಯ ತಂತಿದೀಪವೊಂದರ ಮೂಲಕ ಮೋಟಾರಿಗೆ ವಿದ್ಯುತ್ ಕೊಡುತ್ತಾರೆ. ಒಳಗೆ ಎಲ್ಲಾದರೂ ಶಾರ್ಟ್ ಆಗಿದ್ದರೆ ದೀಪ ಪೂರ್ಣ ಪ್ರಕಾಶದಲ್ಲಿ ಉರಿಯುತ್ತದೆ, ಮೋಟಾರು ಅಲುಗುವುದಿಲ್ಲ. ಕಾಯಿಲುಗಳು ಸರಿ ಇದ್ದರೆ ದೀಪ ಮಂದವಾಗಿ ಉರಿದು ಮೋಟಾರು ನಿಧಾನವಾಗಿ ತಿರುಗುತ್ತದೆ. ನಮ್ಮದು ತಿರುಗಿತು. ಆಮೇಲೆ ಬ್ರಷ್ ಉಜ್ಜಿಕೊಳ್ಳುವ ತಾಮ್ರದ ಉರುಳೆಯಾದ ಕಮ್ಯುಟೇಟರನ್ನು ಬೆಳಕಿಗೆ ಹಿಡಿದು, ಅದರ ತಾಮ್ರದ ಪಟ್ಟಿಗಳ ಮೇಲೆ ಬ್ರಷ್ ಕೊರೆದ ಹಾದಿ ಆಳವಾಗಿಲ್ಲ, ಲೇತಿಗೆ ಹಾಕಿ ಪದರ ತೆಗೆಸುವ ಅಗತ್ಯವಿಲ್ಲ ಎಂದರು. ಬೇಡದ ಕೆಲಸವನ್ನು ಬೇಡ ಎಂದು ಹೇಳಿದ ಆ ಕ್ಷಣಕ್ಕೇ ನನಗೆ ಅವರ ಮೇಲೆ ವಿಶ್ವಾಸ ಮೂಡಿತು. ಪಟ್ಟಿಗಳ ನಡುವಿನ ಸಂದಿಗಳಲ್ಲಿ ವಿದ್ಯುತ್ ಹರಿಸದ ಮೈಕಾ (ಅಭ್ರಕ) ಇರುತ್ತದೆ. ತಾಮ್ರ ಸವೆದಂತೆ ಅದು ತಾಮ್ರದ ಮಟ್ಟಕ್ಕೆ ಬಂದರೆ ಬ್ರಷ್ ಎಡವುತ್ತದೆ. ಹ್ಯಾಕ್‌ಸಾ ಬ್ಲೇಡಿನ ತುಣುಕೊಂದನ್ನು ಸಾಣೆ ಹಿಡಿದು ಮಾಡಿಕೊಂಡ ಉಪಕರಣದಿಂದ ಆ ಸಂದಿಗಳನ್ನು ಒಂದೊಂದಾಗಿ ಕೆರೆದು, ಇಂಗಾಲದ ಪುಡಿಯನ್ನು ಒಣಬ್ರಷ್ಷಿನಿಂದ ತೆಗೆದರು.

ಹೊಸ ಬ್ರಷ್ ಅಗಲದಲ್ಲಿ ಕೂದಲೆಳೆಯಷ್ಟು ಹೆಚ್ಚಿತ್ತು. ಗಾಜಿನ ಹಲಗೆಯ ಮೇಲೆ ನಯವಾದ ಸ್ಯಾಂಡ್ ಪೇಪರ್ ಹಾಸಿ, ಬ್ರಷ್ಷನ್ನು ಬೆರಳಿನಿಂದ ಒತ್ತಿ, ಎಂಟರ ಆಕಾರದಲ್ಲಿ ಉಜ್ಜಿ, ಗೂಡಿನಲ್ಲಿ ತಾನಾಗಿ ಜಾರುವಷ್ಟಕ್ಕೆ ತಂದರು. ಆಮೇಲೆ ಕಮ್ಯುಟೇಟರಿಗೇ ಸ್ಯಾಂಡ್ ಪೇಪರ್ ಸುತ್ತಿ, ಬ್ರಷ್ ಕೂರಿಸಿ, ಕೈಯಲ್ಲಿ ತಿರುಗಿಸಿ, ಬ್ರಷ್ಷಿನ ಮುಖಕ್ಕೆ ಅದೇ ದುಂಡನ್ನು ಕೊಟ್ಟರು. ಲೋಹ ಉಜ್ಜುವ ಎಮರಿ ಬಟ್ಟೆ ಏಕೆ ಬಳಸುವುದಿಲ್ಲ ಎಂದು ಕೇಳಿದೆ. ಅದರ ಗಡಸು ಕಣಗಳು ತಾಮ್ರದಲ್ಲಿ ಹೂತುಕೊಂಡು ಹೊಸ ಬ್ರಷ್ಷನ್ನೇ ತಿನ್ನುತ್ತವೆ ಎಂದರು. ಕೊನೆಗೆ ಮತ್ತೆ ಅದೇ ದೀಪದ ಮೂಲಕ ಅರ್ಧ ಗಂಟೆ ನಿಧಾನವಾಗಿ ಓಡಲು ಬಿಟ್ಟು ಚಹಾ ತರಿಸಿದರು. ಬ್ರಷ್ ಜೋಡಿಗೆ ನಾನು ಕೊಟ್ಟದ್ದು 140 ರೂಪಾಯಿ, ಬೇರಿಂಗ್ ಬದಲಾಯಿಸಿದ್ದೂ ಸೇರಿ ಸಾಹೇಬರ ಕೂಲಿ 500. ಕಟ್ಟಿದ ಮೋಟಾರನ್ನು ವಿದ್ಯುತ್ ಸೋರಿಕೆ ಪರೀಕ್ಷಿಸುವ ಮೆಗ್ಗರ್ ಮೀಟರು ಹಚ್ಚಿ ಹೊರಕವಚಕ್ಕೆ ವಿದ್ಯುತ್ ಸೋರುತ್ತಿಲ್ಲ ಎಂದು ತೋರಿಸಿದ ಮೇಲೆಯೇ ಹಣ ಮುಟ್ಟಿದರು. ಇಂಥ ಯಂತ್ರಗಳಿಗೆ ಎರಡೇ ತಂತಿ, ಅರ್ಥಿಂಗ್ ಇರುವುದಿಲ್ಲ. ಮೂವತ್ತು ವರ್ಷ ಒಳಗೆ ಕೂತ ಇಂಗಾಲದ ಪುಡಿ ವಿದ್ಯುತ್ತಿಗೆ ದಾರಿಯಾಗಬಲ್ಲದು. ಯಾರೇ ರಿಪೇರಿ ಮಾಡಲಿ, ಈ ಒಂದು ಪರೀಕ್ಷೆಯನ್ನು ಒತ್ತಾಯಿಸಿ ಮಾಡಿಸಿಕೊಳ್ಳಬೇಕು.

ಬೇರಿಂಗಿನ ವಿಷಯಕ್ಕೆ ಬಂದರೆ, ಅದು ಇಡೀ ಹುಡುಕಾಟದಲ್ಲಿ ಅತಿ ಸುಲಭವಾದದ್ದು, ಏಕೆಂದರೆ ಬೇರಿಂಗಿಗೆ ಜಗತ್ತಿನಾದ್ಯಂತ ಒಂದೇ ಹೆಸರು. ಹಳೆಯದರ ಅಂಚಿನಲ್ಲಿ 608 ಎಂದು ಕೆತ್ತಿತ್ತು. ಅಂದರೆ ಒಳತೂತು 8, ಹೊರವ್ಯಾಸ 22, ಅಗಲ 7 ಮಿಲಿಮೀಟರು. 2017ರಲ್ಲಿ ಮಕ್ಕಳೆಲ್ಲ ಬೆರಳ ಮೇಲೆ ತಿರುಗಿಸುತ್ತಿದ್ದ ಫಿಜೆಟ್ ಸ್ಪಿನ್ನರಿನ ನಡುವೆ ಇದ್ದದ್ದೂ ಸಾಮಾನ್ಯವಾಗಿ ಇದೇ ಅಳತೆಯದು. ಮೊಮ್ಮಗನ ಹಳೆಯ ಆಟಿಕೆಯ ಬೇರಿಂಗ್ ತೆಗೆದು ಅಳೆದು ನೋಡಿ ನಾನೇ ಬೆರಗಾದೆ. ಹಾಗೆಂದು ಆಟಿಕೆಯದನ್ನು ಯಂತ್ರಕ್ಕೆ ಹಾಕುವಂತಿಲ್ಲ. ನಿಮಿಷಕ್ಕೆ 20,000ಕ್ಕೂ ಹೆಚ್ಚು ಸುತ್ತು ತಿರುಗುವ ಮೋಟಾರಿಗೆ ಒಳ್ಳೆಯ ಗ್ರೀಸು ತುಂಬಿದ, ನಂಬಿಕಸ್ತ ಅಂಗಡಿಯ ಮಾಲು ಬೇಕು. ಎಸ್.ಜೆ.ಪಿ. ರಸ್ತೆಯ ಬೇರಿಂಗ್ ಅಂಗಡಿಯಲ್ಲಿ ಒಂದೇ ಸಂಖ್ಯೆಗೆ ನಾಲ್ಕು ಬೆಲೆ ಹೇಳಿದರು, ಮೂವತ್ತು ರೂಪಾಯಿಯಿಂದ ಆರಂಭ. ಪ್ರಸಿದ್ಧ ಕಂಪನಿಗಳ ಹೆಸರಿನ ನಕಲಿ ಬೇರಿಂಗ್‌ಗಳು ಪೇಟೆಯಲ್ಲಿ ಓಡಾಡುವುದು ಎಲ್ಲರಿಗೂ ಗೊತ್ತಿರುವ ಸಂಗತಿಯಾದ್ದರಿಂದ, ಪೆಟ್ಟಿಗೆ ಸಮೇತ ಬಿಲ್ಲು ಹಾಕಿ ಕೊಡುವಂಥದ್ದನ್ನೇ 130ರಂತೆ ಎರಡು ಕೊಂಡೆ. ಸಂಖ್ಯೆಯ ನಂತರ ಬರುವ ಅಕ್ಷರಗಳನ್ನೂ ನೋಡಬೇಕು: ಎರಡೂ ಬದಿಗೆ ಲೋಹದ ಮುಚ್ಚಳವಿದ್ದರೆ ಝಡ್‌ಝಡ್, ರಬ್ಬರಿನದಾದರೆ 2ಆರ್‌ಎಸ್. ರಬ್ಬರು ಧೂಳನ್ನು ಚೆನ್ನಾಗಿ ತಡೆಯುತ್ತದೆ ನಿಜ, ಆದರೆ ಅದು ಒಳಬಳೆಗೆ ಉಜ್ಜಿಕೊಂಡೇ ಇರುವುದರಿಂದ ಇಷ್ಟು ವೇಗಕ್ಕೆ ಬಿಸಿಯಾಗುತ್ತದೆ. ಹಳೆಯದು ಲೋಹದ್ದೇ ಆಗಿತ್ತು, ಹೊಸದನ್ನೂ ಲೋಹದ್ದೇ ಹಾಕಿಸಿದೆ.

ಹೋಸ್ ಪೈಪಿಗೆ ನಾನು ಮೊದಲು ಆನ್‌ಲೈನಿನಲ್ಲಿ ಪ್ರಯತ್ನಿಸಿ ಕೈಸುಟ್ಟುಕೊಂಡೆ. "ಎಲ್ಲ ಮಾದರಿಗೂ ಹೊಂದುತ್ತದೆ" ಎಂದು ಬರೆದಿದ್ದ ಪೈಪು ಬಂದು ನೋಡಿದರೆ ಯಾವುದಕ್ಕೂ ಹೊಂದದು. ಮಾರಿದವರ ಹೆಸರು ಹೇಳುವುದು ನನ್ನ ಉದ್ದೇಶವಲ್ಲ, ವಾಪಸು ಕಳಿಸಿ ಹಣ ಬರಲು ಹನ್ನೆರಡು ದಿನ ಬೇಕಾಯಿತು ಎಂದಷ್ಟೇ ಹೇಳುತ್ತೇನೆ. ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರುಗಳಲ್ಲಿ ಕೊಳವೆಯ ಅಳತೆ ಹೆಚ್ಚಾಗಿ 32 ಅಥವಾ 35 ಮಿಲಿಮೀಟರು. ಈ ಮೂರು ಮಿಲಿಮೀಟರಿನ ಅಂತರದಲ್ಲಿ ಎಷ್ಟು ಜನರ ಹಣ ಹೋಗಿದೆಯೋ. ನಮ್ಮದು 32. ಎಸ್.ಜೆ.ಪಿ. ರಸ್ತೆಯಲ್ಲಿ ಒಳಗೆ ಉಕ್ಕಿನ ತಂತಿಯ ಸುರುಳಿ ಇರುವ ಪಿವಿಸಿ ಹೋಸನ್ನು ಮೀಟರಿನ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಎರಡು ಮೀಟರಿಗೆ 480 ಆಯಿತು. ತೋಟಕ್ಕೆ ನೀರು ಬಿಡುವ ಪೈಪು ಅಗ್ಗವಾದರೂ ಪ್ರಯೋಜನವಿಲ್ಲ, ಅದು ಒಳಗಿನಿಂದ ಹೊರಕ್ಕೆ ಬರುವ ಒತ್ತಡ ತಡೆಯಲು ಮಾಡಿದ್ದು, ಎಳೆದರೆ ಚಪ್ಪಟೆಯಾಗುತ್ತದೆ.

ಪೈಪು ಸಿಕ್ಕರೂ ಅದನ್ನು ಹಳೆಯ ಹಿಡಿಕೆಗೆ ಜೋಡಿಸುವ ಕೊಂಡಿ ಸೀಳಿಹೋಗಿತ್ತು. ಇದಕ್ಕೆ ಬೇಕಾದದ್ದು ಹೊರವ್ಯಾಸ ಸರಿಯಾಗಿ 32 ಮಿಲಿಮೀಟರಿನ ಗಟ್ಟಿ ಕೊಳವೆಯ ತುಂಡು. ಕೊಳಾಯಿ ಸಾಮಾನಿನ ಅಂಗಡಿಯಲ್ಲಿ "ಒಂದು ಇಂಚು" ಎಂದು ಕೊಟ್ಟ ಯುಪಿವಿಸಿ ಪೈಪಿನ ಹೊರವ್ಯಾಸ 33.4, ಒಂದು ಇಂಚಿನ ಸಿಪಿವಿಸಿಯದು 28.6. ಒಂದು ಹೋಗದು, ಇನ್ನೊಂದು ನಿಲ್ಲದು. ಕೃಷಿಗೆ ಬಳಸುವ ಸಾಧಾರಣ ಪಿವಿಸಿ ಪೈಪನ್ನು ಭಾರತೀಯ ಮಾನಕದ ಪ್ರಕಾರ ಹೊರವ್ಯಾಸದ ಅಳತೆಯಿಂದಲೇ ಕರೆಯುತ್ತಾರೆ ಎಂಬುದು ಅಂಗಡಿಯ ಹುಡುಗನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅಲ್ಲಿ 32 ಎಂದರೆ ಹೊರಗೆ ಅಳೆದರೂ 32. ಒಂದು ಗೇಣಿನ ತುಂಡನ್ನು ಅವನು ದುಡ್ಡು ತೆಗೆದುಕೊಳ್ಳದೆ ಕೊಟ್ಟ. ಹೋಸಿನ ಸುರುಳಿ ಹಿಡಿಕೆಯೊಳಗೆ ತಿರುಪಿನಂತೆ ಹತ್ತುತ್ತದೆ, ಆದರೆ ನಮ್ಮದರಲ್ಲಿ ತಿರುಗಿಸಬೇಕಾದದ್ದು ಎಡಕ್ಕೆ. ಬಲಕ್ಕೆ ತಿರುಗಿಸಿ ಬಲವಂತ ಮಾಡಿದ್ದರಿಂದಲೇ ಮೊದಲ ಕೊಂಡಿ ಸೀಳಿರಬೇಕು ಎಂಬುದು ನನ್ನ ಅನುಮಾನ, ಮತ್ತು ಅದನ್ನು ತಿರುಗಿಸಿದವರು ಯಾರೆಂದು ಮನೆಯಲ್ಲಿ ಈಗಲೂ ಇತ್ಯರ್ಥವಾಗಿಲ್ಲ.

ಮುಚ್ಚಳದ ರಬ್ಬರಿಗೆ ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಕತ್ತರಿಸಿ ಅಂಟಿಸಿ ಎಂದು ಸಲಹೆ ಕೊಟ್ಟವರಿದ್ದರು. ಅದು ಬಹಳ ಗಡಸು. ಜೆ.ಸಿ. ರಸ್ತೆಯಲ್ಲಿ ಕಾರಿನ ಬಾಗಿಲಿಗೆ ಹಾಕುವ ಟೊಳ್ಳು ರಬ್ಬರ್ ಬೀಡಿಂಗ್ ಮೀಟರಿಗೆ 90 ರೂಪಾಯಿಯಂತೆ ಸಿಕ್ಕಿತು. ಅಂಚಿಗೆ ತಾನೇ ಕಚ್ಚಿಕೊಳ್ಳುತ್ತದೆ, ಅಂಟೂ ಬೇಡ. ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಧೂಳಿನ ಚೀಲದ ವಿಷಯದಲ್ಲಿ ಮಾತ್ರ ನನಗೆ ಪೂರ್ಣ ತೃಪ್ತಿಯಾಗಿಲ್ಲ, ಮತ್ತು ಮೋಟಾರಿನ ಆಯುಸ್ಸು ನಿಂತಿರುವುದೇ ಅದರ ಮೇಲೆ. ಹಳೆಯ ಯಂತ್ರಗಳಲ್ಲಿ ಧೂಳು ಹೊತ್ತ ಗಾಳಿ ಚೀಲದಲ್ಲಿ ಸೋಸಿ, ಆಮೇಲೆ ಮೋಟಾರಿನ ಮೂಲಕವೇ ಹಾದು, ಅದನ್ನು ತಂಪು ಮಾಡಿ ಹೊರಗೆ ಹೋಗುತ್ತದೆ. ಚೀಲ ಸೋರಿದರೆ ಧೂಳು ನೇರವಾಗಿ ಬ್ರಷ್ ಮತ್ತು ಬೇರಿಂಗಿಗೆ ಹೋಗುತ್ತದೆ, ಚೀಲ ಕಟ್ಟಿಕೊಂಡರೆ ಗಾಳಿಯೇ ಇಲ್ಲದೆ ಮೋಟಾರು ಬಿಸಿಯಾಗುತ್ತದೆ. ಪೈಪಿನ ಬಾಯಿಯನ್ನು ಅಂಗೈಯಿಂದ ಮುಚ್ಚಿದಾಗ ಯಂತ್ರದ ಸದ್ದು ಏರುವುದನ್ನು ಕೇಳಿ, ಪಾಪ ಕಷ್ಟಪಡುತ್ತಿದೆ ಎಂದುಕೊಳ್ಳುತ್ತೇವೆ. ನಿಜದಲ್ಲಿ ತಳ್ಳಲು ಗಾಳಿಯೇ ಇಲ್ಲದ ಫ್ಯಾನು ಭಾರ ಕಳೆದುಕೊಂಡು ಇನ್ನಷ್ಟು ವೇಗವಾಗಿ ತಿರುಗುತ್ತಿರುತ್ತದೆ. ಅಪಾಯ ಭಾರದ್ದಲ್ಲ, ತಂಪು ಗಾಳಿ ನಿಂತದ್ದರದ್ದು.

ನಮ್ಮ ತಾಯಿಯವರು ಕೊನೆಯ ಕಾಗದದ ಚೀಲವನ್ನೇ ಕೊಡವಿ ಕೊಡವಿ ಬಳಸಿ, ಅದು ಹರಿದ ಮೇಲೆ ಹಳೆಯ ಪಂಚೆಯ ಬಟ್ಟೆಯಲ್ಲಿ ಹೊಲಿದುಕೊಂಡಿದ್ದರು. ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಬೀದಿಯ ದರ್ಜಿಯವರಿಂದ ಒಳಗೆ ನೇಯದೆ ಒತ್ತಿ ಮಾಡಿದ ನಾನ್‌ವೋವನ್, ಹೊರಗೆ ದಟ್ಟ ಹತ್ತಿಬಟ್ಟೆ ಎಂದು ಎರಡು ಪದರದ ಚೀಲ ಹೊಲಿಸಿದೆ. ಬಾಯಿಗೆ ಹಳೆಯ ಚೀಲದ ರಟ್ಟನ್ನೇ ಅಚ್ಚಾಗಿ ಇಟ್ಟು ತೆಳುವಾದ ಪ್ಲಾಸ್ಟಿಕ್ ಹಲಗೆ ಕತ್ತರಿಸಿ ಕೂರಿಸಿದರು. ಎರಡು ಚೀಲಕ್ಕೆ 350. ಪರೀಕ್ಷಿಸಲು ಕತ್ತಲೆ ಕೋಣೆಯಲ್ಲಿ ಸ್ವಲ್ಪ ಸೀಮೆಸುಣ್ಣದ ಪುಡಿ ಎಳೆಸಿ, ಗಾಳಿ ಹೊರಬೀಳುವ ಕಡೆ ಟಾರ್ಚು ಹಿಡಿದೆ. ಬೆಳಕಿನಲ್ಲಿ ತೆಳುವಾದ ಮಂಜು ತೇಲಿತು. ಪಂಚೆಯ ಚೀಲದಲ್ಲಿ ಕಂಡದ್ದಕ್ಕಿಂತ ಬಹಳ ಕಡಿಮೆ, ಆದರೂ ಮಂಜು ಮಂಜೇ. ಆದ್ದರಿಂದ ಮೋಟಾರಿನ ಮುಂದೆ ಪ್ರತ್ಯೇಕವಾಗಿ ತೆಳು ಫಿಲ್ಟರ್ ಹಾಳೆಯೊಂದನ್ನು ಕತ್ತರಿಸಿ ಇಟ್ಟಿದ್ದೇನೆ, ತಿಂಗಳಿಗೊಮ್ಮೆ ಬದಲಿಸುತ್ತೇನೆ. ರಂಗೋಲಿ ಪುಡಿ, ವಿಭೂತಿ, ಚೆಲ್ಲಿದ ಹಿಟ್ಟು ಇವುಗಳನ್ನು ಈ ಯಂತ್ರದಲ್ಲಿ ಎಳೆಯುವುದನ್ನು ಮನೆಯಲ್ಲಿ ನಿಷೇಧಿಸಿದ್ದೇನೆ. ಬಟ್ಟೆಯ ರಂಧ್ರಗಳನ್ನು ಅವು ಮುಚ್ಚುವಷ್ಟು ಬೇಗ ಕಸವಾಗಲಿ ಕೂದಲಾಗಲಿ ಮುಚ್ಚುವುದಿಲ್ಲ.

ನೆಲಕ್ಕೆ ಉಜ್ಜುವ ಬ್ರಷ್ಷಿನ ತಲೆ ಅಮೆರಿಕದಿಂದ ಬಂತು. ಅಲ್ಲಿ ಹೊಲಿಗೆ ಯಂತ್ರ ಮತ್ತು ವ್ಯಾಕ್ಯೂಮ್ ಕ್ಲೀನರ್ ಎರಡನ್ನೂ ಒಂದೇ ಸೂರಿನಡಿ ಮಾರುವ, ರಿಪೇರಿ ಮಾಡುವ ಅಂಗಡಿಗಳು ಈಗಲೂ ಇವೆ. ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗಳು ರಜೆಗೆ ಬರುವಾಗ ಒಂದೂಕಾಲು ಇಂಚಿನ ಬಾಯಿಯ ತಲೆಯೊಂದನ್ನು ತಂದಳು. ಒಂದೂಕಾಲು ಇಂಚು ಎಂದರೆ 31.75 ಮಿಲಿಮೀಟರು, ನಮ್ಮ 32ರ ಕೊಳವೆಗೆ ಒಂದು ಸುತ್ತು ಟೇಪು ಹಾಕಿದರೆ ಗಟ್ಟಿಯಾಗಿ ಕೂರುತ್ತದೆ. ಮೋಟಾರನ್ನೂ ತರಲೇ ಎಂದು ಕೇಳಿದ್ದಳು, ಅಲ್ಲಿಯದು 120 ವೋಲ್ಟಿನದು ಎಂದು ತಡೆದೆ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಆರಂಭಿಸಿದ ಜಾಲತಾಣವನ್ನೂ ನೋಡಿದೆ. ಈಗ ಮಾರಾಟದಲ್ಲಿರುವ ವಸ್ತುಗಳ ಸೇವೆ ಮತ್ತು ಬಿಡಿಭಾಗಗಳ ಮಾಹಿತಿಗೆ ಅದು ಉಪಯುಕ್ತ. ಹೆಸರಿನ ಪಟ್ಟಿ ಅಳಿಸಿಹೋದ 1991ರ ಯಂತ್ರಕ್ಕೆ ಅದರಿಂದ ದಾರಿ ಸಿಗಲಿಲ್ಲ, ಸಿಗಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಒಟ್ಟು ಖರ್ಚು, ಉಡುಗೊರೆಯಾಗಿ ಬಂದ ತಲೆಯನ್ನು ಬಿಟ್ಟು ಮತ್ತು ಮೊದಲ ವಾರದ ತಪ್ಪು ಬ್ರಷ್ಷಿನ ತೊಂಬತ್ತನ್ನೂ ಸೇರಿಸಿ, 1,910 ರೂಪಾಯಿ. ಯಂತ್ರ ಈಗ ಎರಡು ತಿಂಗಳಿಂದ ವಾರಕ್ಕೊಮ್ಮೆ ಓಡುತ್ತಿದೆ. ಕತ್ತಲೆಯಲ್ಲಿ ಇಣುಕಿದರೆ ಬ್ರಷ್ಷಿನ ತುದಿಯಲ್ಲಿ ಸೂಜಿಮೊನೆಯಷ್ಟು ಕಿಡಿ ಕಾಣುತ್ತದೆ, ಅಷ್ಟು ಇರುವುದೇ ಸರಿ ಎಂದು ಸಾಹೇಬರು ಮೊದಲೇ ಹೇಳಿದ್ದರು. ಈ ಪೇಟೆಗೆ ಹೋಗುವವರು ಭಾನುವಾರ ಹೋಗಬಾರದು, ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ. ಹಳೆಯ ಭಾಗವನ್ನು ಎಷ್ಟೇ ಮುರಿದಿದ್ದರೂ ಎಸೆಯದೆ ಜೊತೆಯಲ್ಲೇ ಒಯ್ಯಬೇಕು, ಫೋನಿನಲ್ಲಿರುವ ಚಿತ್ರವನ್ನು ಅಲ್ಲಿ ಯಾರೂ ನೋಡುವುದಿಲ್ಲ.

ಒಂದು ಭಾಗ ಮಾತ್ರ ಇನ್ನೂ ಸಿಕ್ಕಿಲ್ಲ. ವಿದ್ಯುತ್ ತಂತಿಯನ್ನು ಒಳಗೆ ಸುತ್ತಿಕೊಳ್ಳುವ ಚಪ್ಪಟೆ ಸ್ಪ್ರಿಂಗ್ ಮುರಿದಿದೆ. ಅಗಲ 12 ಮಿಲಿಮೀಟರು, ದಪ್ಪ 0.3, ಆದರೆ ಬಿಚ್ಚಿದರೆ ಎಷ್ಟು ಉದ್ದವಿರಬೇಕೆಂಬುದನ್ನು ಮುರಿದ ಎರಡು ತುಂಡುಗಳಿಂದ ಅಳೆಯಲಾಗುತ್ತಿಲ್ಲ, ಏಕೆಂದರೆ ಮೂರನೆಯ ತುಂಡು ಎಲ್ಲೋ ಕಳೆದುಹೋಗಿದೆ. ಆ ಸ್ಪ್ರಿಂಗ್ ಸಿಗುವವರೆಗೆ ತಂತಿಯನ್ನು ಕೈಯಲ್ಲಿ ಸುತ್ತಿ, ತಾಯಿಯವರ ಹಳೆಯ ಸೀರೆಯ ಅಂಚಿನಿಂದ ಕಟ್ಟಿಡುತ್ತಿದ್ದೇನೆ.